ಮೇಲಿನ ಕೋಣೆಯ ಸಿಗ್ನಲ್

ರಾಮಾಂಜಿನಪ್ಪನವರ ಮನೆಯಲ್ಲಿ ಇಂಟರ್ನೆಟ್ಟಿಗೂ ಗೇಟ್‌ಪಾಸ್ ಬೇಕಿತ್ತು. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರ ಮೇನ್ ಗೇಟಿನಲ್ಲಿ ಸೆಕ್ಯುರಿಟಿ ಡ್ಯೂಟಿ ಮಾಡಿ ರಿಟೈರ್ ಆದವರು ಅವರು. ಜನರಲ್ ಮ್ಯಾನೇಜರರ ಕಾರಿನ ಡಿಕ್ಕಿಯನ್ನೂ ತೆಗೆಸಿ ನೋಡಿದ ಮನುಷ್ಯ. ಅದೇ ಕಾರ್ಖಾನೆಯ ಪೇಂಟ್ ಶಾಪಿನಲ್ಲಿದ್ದ ಸ್ವಂತ ಭಾಮೈದ ಒಂದು ದಿನ ಪಾಸ್ ಮರೆತು ಬಂದಾಗ ಒಳಗೆ ಬಿಡದೆ ಮನೆಗೆ ಅಟ್ಟಿದ್ದರು. "ನನ್ನ ತಮ್ಮನ ಅರ್ಧ ದಿನದ ಸಂಬಳ ನುಂಗಿದ ಮಹಾನುಭಾವ ಇವರು" ಎಂದು ಹೆಂಡತಿ ವೆಂಕಟಲಕ್ಷ್ಮಮ್ಮ ಇವತ್ತಿಗೂ ಹಬ್ಬದ ದಿನ ಒಬ್ಬಟ್ಟು ಬಡಿಸುವಾಗ ಆ ಮಾತು ತೆಗೆಯುತ್ತಿದ್ದರು. ರಾಮಾಂಜಿನಪ್ಪನವರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡು, "ಪಾಸ್ ಇಲ್ಲದೋನು ಭಾಮೈದ ಆದ್ರೇನು, ಬ್ರಹ್ಮ ಆದ್ರೇನು" ಅನ್ನುತ್ತಿದ್ದರು.

ಮಗ ಸೀನ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿದಾಗ ಅದರ ಪಾಸ್‌ವರ್ಡ್ ಅಪ್ಪನ ಸುಪರ್ದಿಗೆ ಹೋಯಿತು. ಯಾರದೋ ಮನೆಯ ವೈಫೈ ಹಿಡಿದು ಇನ್ಯಾರೋ ಬೆದರಿಕೆ ಮೇಲ್ ಕಳಿಸಿ, ಪೊಲೀಸರು ಪಾಪದ ಮನೆಯವರ ಬಾಗಿಲು ಬಡಿದರಂತೆ ಎಂದು ಅವರು ವಾಕಿಂಗ್ ಗೆಳೆಯರಿಂದ ಕೇಳಿದ್ದರು. ಅಂದಿನಿಂದ ಪಾಸ್‌ವರ್ಡನ್ನು ಯಾರಿಗೂ ಹೇಳಲಿಲ್ಲ. ಯಾರದೇ ಫೋನಾಗಲಿ, ಅವರೇ ಹಾಕಿಕೊಡಬೇಕು. ಹಾಕುವಾಗ ಎಡಗೈ ಅಡ್ಡ ಇಟ್ಟು, "ಎಲ್ರೂ ಗೋಡೆ ನೋಡಿ" ಅನ್ನುತ್ತಿದ್ದರು. ಮನೆಮಂದಿಯೆಲ್ಲ ಗೋಡೆ ನೋಡುತ್ತಿದ್ದರು.

ಸೊಸೆ ವನಜಾಕ್ಷಿಗೆ ಇದು ನಗುವ ವಿಷಯವಾಗಿತ್ತು, ಆ ಪಾಸು ತನಗೇ ಬೇಕಾಗುವ ತನಕ.

ಅವಳದು ಹೂಡಿಯ ಕಂಪನಿಯೊಂದರಲ್ಲಿ ಅಮೆರಿಕದ ಆಸ್ಪತ್ರೆಗಳ ಬಿಲ್ಲು ಪರಿಶೀಲಿಸುವ ಕೆಲಸ. ಜಾಲಹಳ್ಳಿ ಬೆಂಗಳೂರಿನ ಈ ಕೊನೆ, ಹೂಡಿ ಆ ಕೊನೆ. ಹೆಬ್ಬಾಳದಲ್ಲಿ ಒಂದು ಬಸ್ಸು ಇಳಿದು, ಟಿನ್ ಫ್ಯಾಕ್ಟರಿಯಲ್ಲಿ ಇನ್ನೊಂದಕ್ಕೆ ಜೋತುಬಿದ್ದು, ಹೋಗಿಬರುವುದರಲ್ಲೇ ಅರ್ಧ ಜೀವ ಸವೆಯುತ್ತಿತ್ತು. ಆದರೂ ಬಿಡುವ ಹಾಗಿರಲಿಲ್ಲ. ಮನೆ ಮೇಲೆ ಎತ್ತಿದ ಕೋಣೆಯ ಸಾಲದ ಕಂತು ಅವಳ ಸಂಬಳದಿಂದಲೇ ಹೋಗುತ್ತಿತ್ತು. ಸೀನ ಪೀಣ್ಯದ ಗೇರ್ ಮಾಡುವ ಚಿಕ್ಕ ಯೂನಿಟ್ಟಿನಲ್ಲಿ ಸೂಪರ್‌ವೈಸರು, ಅವನ ಸಂಬಳ ಬರುವ ತಾರೀಖನ್ನು ಮಾಲೀಕನ ಮರ್ಜಿಯೇ ಹೇಳಬೇಕು.

ಹೀಗಿರುವಾಗ ವೆಂಕಟಲಕ್ಷ್ಮಮ್ಮನ ಮಂಡಿ ಆಪರೇಷನ್ ಆಯಿತು. ವಾಕರ್ ಹಿಡಿದು ಬಚ್ಚಲಿಗೆ ಹೋಗಲೂ ಒಬ್ಬರು ಜೊತೆ ಬೇಕು. ಒಂದನೇ ಕ್ಲಾಸಿನ ಮೊಮ್ಮಗಳು ಅಮೂಲ್ಯಾ ಮಧ್ಯಾಹ್ನಕ್ಕೇ ಸ್ಕೂಲಿಂದ ಬರುತ್ತಾಳೆ. ಮನೆಗೆಲಸದ ಅಂಜಿನಮ್ಮ ಪಾತ್ರೆ, ನೆಲ, ಮಗುವನ್ನು ಕರೆತರುವುದು ಎಲ್ಲ ನೋಡಿಕೊಂಡರೂ ರೋಗಿಯ ಆರೈಕೆ ಅವಳ ಕೈಲಾಗುವುದಲ್ಲ. ವನಜಾಕ್ಷಿ ಟೀಮ್ ಲೀಡ್ ಶೀಬಾಳ ಹಿಂದೆ ಬಿದ್ದು, ಎರಡು ತಿಂಗಳು ಮನೆಯಿಂದಲೇ ಕೆಲಸ ಮಾಡುವ ಅನುಮತಿ ತಂದಳು. ಆ ಕಾಲಕ್ಕೆ ಅದು ಯಾರಿಗೂ ಸುಲಭಕ್ಕೆ ಸಿಗುವ ಮಾತಲ್ಲ. ಕಂಪನಿ ಸ್ಟೋರ್ ರೂಮಿನಿಂದ ಒಂದು ಹಳೇ ಲ್ಯಾಪ್‌ಟಾಪ್ ಒರೆಸಿ ಕೊಟ್ಟಿತು. ಇಟ್ಟಿಗೆಯಷ್ಟು ಭಾರ, ಆನ್ ಮಾಡಿದರೆ ಮಿಕ್ಸಿಯಂತೆ ಗುರ್ರೆನ್ನುತ್ತಿತ್ತು.

"ಒಂದೇ ಷರತ್ತು" ಎಂದಿದ್ದಳು ಶೀಬಾ. "ರೋಗಿಗಳ ವಿಷಯ ಇದು. ಬಾಗಿಲು ಹಾಕಿರೋ ರೂಮಲ್ಲಿ ಕೂತು ಕೆಲಸ ಮಾಡ್ಬೇಕು. ಚೆನ್ನೈ ಕ್ವಾಲಿಟಿ ಟೀಮ್‌ನೋರು ಕಾಲ್ ಮಾಡಿ ಚೆಕ್ ಮಾಡ್ತಾರೆ. ಹಿಂದೆ ಮನೆ ಗಲಾಟೆ ಕೇಳಿಸ್ತೋ, ನನ್ ಕೈಲಿ ಏನೂ ಇಲ್ಲ ವನಜಾ. ಕೆಲಸಾನೇ ಹೋಗುತ್ತೆ."

ಬಾಗಿಲು ಇರುವ ಕೋಣೆ ಮೇಲಿತ್ತು. ಕಂತು ಕಟ್ಟುತ್ತಿದ್ದ ಕೋಣೆ. ವನಜಾಕ್ಷಿ ಕಿಟಕಿಯ ಪಕ್ಕ ಮೇಜು ಎಳೆದು, ಒರೆಸಿ, ಲ್ಯಾಪ್‌ಟಾಪ್ ಇಟ್ಟು, ಮಾವನನ್ನು ಕರೆದಳು. ಅವರು ವಾಕಿಂಗ್ ಮುಗಿಸಿ, ಸ್ನಾನ, ಪೂಜೆ, ತಿಂಡಿ ಮುಗಿಸಿ, ಪೇಪರ್ ಓದಿ ಮೇಲೆ ಬಂದರು.

"ಗೋಡೆ ನೋಡಮ್ಮ."

ಅವಳು ಗೋಡೆ ನೋಡಿದಳು. ಹಿಂದೆ ಟಕ್ ಟಕ್ ಸದ್ದಾಯಿತು.

"ಆಯ್ತು, ತಿರುಕ್ಕೋ."

ಪರದೆಯ ಮೂಲೆಯಲ್ಲಿ ಒಂದು ಹಳದಿ ಚುಕ್ಕಿ ಅತ್ತಿಂದಿತ್ತ ಓಡಾಡತೊಡಗಿತು. ಓಡಾಡಿತು, ಓಡಾಡಿತು, ಕೊನೆಗೆ ಅಲ್ಲೊಂದು ಕೆಂಪು ಗುರುತು ಬಂದು ಕೂತಿತು.

"ಸ್ಪೆಲ್ಲಿಂಗ್ ತಪ್ಪಾಯ್ತೇನೋ ಮಾವ."

"ನಾನು ಹಾಕಿದ್ರಲ್ಲಿ ತಪ್ಪಿರಲ್ಲ. ಇನ್ನೊಂದ್ಸಲ ಗೋಡೆ ನೋಡು."

ಆ ಬೆಳಿಗ್ಗೆ ಅವಳು ಗೋಡೆಯ ಮೇಲಿನ ಪ್ರತಿ ಬಿರುಕನ್ನೂ ನೋಡಿ ಮುಗಿಸಿದಳು. ಸೀನನ ಫೋನಿಗೆ ಅದೇ ಕೋಣೆಯಲ್ಲಿ ಸಿಗ್ನಲ್ ತುಂಬಿ ತುಳುಕುತ್ತಿತ್ತು. ಈ ಲ್ಯಾಪ್‌ಟಾಪಿಗೆ ಮಾತ್ರ ಇಲ್ಲ. ಆಫೀಸಿನ ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಿದರೆ, "ರೀಸ್ಟಾರ್ಟ್ ಮಾಡಿದ್ರಾ ಮೇಡಂ?" ಎಂದರು. ಮಾಡಿದಳು. "ಮೋಡೆಮ್ ಆಫ್ ಮಾಡಿ ಆನ್ ಮಾಡಿ ಮೇಡಂ." ಕೆಳಗೆ ಹಾಲ್‌ಗೆ ಓಡಿ ಅದನ್ನೂ ಮಾಡಿದಳು. ಟಿವಿ ಸ್ಟ್ಯಾಂಡಿನ ಮೇಲಿದ್ದ ಆ ಪೆಟ್ಟಿಗೆ ಕಣ್ಣು ಮಿಟುಕಿಸಿ ಮತ್ತೆ ಎದ್ದಿತು. ಲ್ಯಾಪ್‌ಟಾಪಿಗೆ ಮಾತ್ರ ಏನೂ ತಟ್ಟಲಿಲ್ಲ.

ಆಗ ಸೀನ ಲ್ಯಾಪ್‌ಟಾಪನ್ನು ಹಾಲ್‌ಗೆ ಇಳಿಸಿ ತಂದು, ಮೋಡೆಮ್ಮಿನ ಡಬ್ಬಿಯಲ್ಲಿ ಬಂದಿದ್ದ ಮೊಳದುದ್ದದ ವೈರು ಹುಡುಕಿ ಚುಚ್ಚಿದ. ತಕ್ಷಣ ಎಲ್ಲ ತೆರೆದುಕೊಂಡಿತು.

"ನೋಡು, ಬಂತಲ್ಲ! ಸದ್ಯಕ್ಕೆ ಇಲ್ಲೇ ಕೂತ್ಕೋ."

"ಇಲ್ಲೇ ಅಂದ್ರೆ, ಟಿವಿ ಪಕ್ಕಾನಾ?"

"ಎರಡು ದಿನ ಕಣೇ. ನಾನು ನಮ್ ಯೂನಿಟ್ಟಲ್ಲಿ ಯಾರನ್ನಾದ್ರೂ ಕೇಳ್ತೀನಿ."

*

ಎರಡು ದಿನ ಎರಡು ವಾರವಾಯಿತು.

ಹಾಲ್‌ನಲ್ಲಿ ಕೂತ ಮನುಷ್ಯ ಮನೆಯವರ ಕಣ್ಣಿಗೆ ಖಾಲಿ ಕೂತ ಹಾಗೇ ಕಾಣುತ್ತಾನೆ. ವನಜಾಕ್ಷಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡರೆ ಅತ್ತೆ ದಿವಾನದ ಮೇಲಿಂದಲೇ ದನಿ ಏರಿಸುತ್ತಿದ್ದರು.

"ವನಜಾ, ಹಾಲು ಉಕ್ತು ನೋಡು!"

"ಅತ್ತೆ, ಕೆಲಸದಲ್ಲಿದ್ದೀನಿ."

"ಕೆಲಸ ಓಡೋಗುತ್ತಾ? ಹಾಲು ಓಡೋಗುತ್ತೆ."

ಹಾಲಿನ ಹಿಂದೆ ಸೊಪ್ಪಿನವನು, ಸೊಪ್ಪಿನವನ ಹಿಂದೆ ಗ್ಯಾಸಿನವನು, ಅವನ ಹಿಂದೆ ಅತ್ತೆಯ ಮಾತ್ರೆ. ಮಾವ ಪಕ್ಕದಲ್ಲೇ ಕೂತು ವಾರ್ತೆ ಹಾಕಿ, ಸೊಸೆಗೆ ತೊಂದರೆಯಾಗದಿರಲೆಂದು ದನಿ ತಗ್ಗಿಸಿ, ಕೇಳಿಸದೆ ಮತ್ತೆ ಏರಿಸುತ್ತಿದ್ದರು. ಎದುರು ಮನೆಯವರು ಅತ್ತೆಯನ್ನು ನೋಡಲು ಬಂದಾಗ ಕಾಫಿ ಮಾಡಲು ಎದ್ದಳು. ಬಂದು ನೋಡಿದರೆ ಅಮೂಲ್ಯಾ ವೈರು ಕಿತ್ತು ಅದರಲ್ಲಿ ಗೊಂಬೆಗೆ ಸ್ನಾನದ ಶವರ್ ಮಾಡಿದ್ದಳು. ಬುಟ್ಟಿಯಲ್ಲಿ ಬೀನ್ಸ್ ಹಾಕಿ ತಂದು ಲ್ಯಾಪ್‌ಟಾಪಿನ ಪಕ್ಕ ಇಟ್ಟು ಹೋಗುವುದು ಅಂಜಿನಮ್ಮನಿಗೂ ಅಭ್ಯಾಸವಾಯಿತು. "ಸುಮ್ನೆ ಕೂತಿರ್ತೀರಲ್ಲಕ್ಕ, ಇಂಗೇ ನಾರು ತೆಗೆದ್ಬುಡಿ" ಅನ್ನುತ್ತಿದ್ದಳು, ಯಾವ ಕೊಂಕೂ ಇಲ್ಲದೆ.

ಸೀನ ಉದ್ದದ ವೈರೊಂದನ್ನು ತಂದು ಮೆಟ್ಟಿಲ ಮೇಲೆ ಎಳೆದ. ಸಂಜೆಯೇ ಅತ್ತೆಯ ವಾಕರಿನ ಕಾಲು ಅದಕ್ಕೆ ಸಿಕ್ಕಿತು. ಬೀಳಲಿಲ್ಲ, ಆದರೆ ಮನೆ ಮುಳುಗಿದಂತೆ ಕಿರುಚಿದರು. ಮಾವ ವೈರನ್ನು ನೀಟಾಗಿ ಸುತ್ತಿ ಅಟ್ಟಕ್ಕೆ ಎಸೆದರು. ಗೋಡೆ ಕೊರೆಯಬಹುದಲ್ಲ ಎಂದರೆ, "ಕಟ್ಟಿದೋನಿಗೆ ಗೊತ್ತು ಗೋಡೆ ಕಷ್ಟ" ಎಂದರು. ಸಿಮ್ ಹಾಕುವ ಡೇಟಾ ಕಾರ್ಡು ಲ್ಯಾಪ್‌ಟಾಪಿಗೆ ಚುಚ್ಚೋಣವೆಂದರೆ ಆಫೀಸಿನವರು ಆ ತೂತನ್ನೇ ಬಂದ್ ಮಾಡಿಟ್ಟಿದ್ದರು.

ನಡುವೆ ಒಂದು ಭಾನುವಾರ ವನಜಾಕ್ಷಿ ತನ್ನ ತಮ್ಮನ ಮಗುವಿನ ನಾಮಕರಣಕ್ಕೆಂದು ಅಮೂಲ್ಯಾಳನ್ನು ಕರೆದುಕೊಂಡು ದೊಡ್ಡಬಳ್ಳಾಪುರಕ್ಕೆ ಹೋಗಿಬಂದಳು. ಅದೊಂದೇ ಅವಳಿಗೆ ಸಿಕ್ಕ ಬಿಡುವು. ಮರುವಾರ ಲ್ಯಾಪ್‌ಟಾಪನ್ನು ಮಗುವಿನಂತೆ ಎದೆಗವಚಿಕೊಂಡು, ಮೂರು ಬಸ್ಸಿನಲ್ಲಿ ನಿಂತು ಹೂಡಿಗೆ ಹೊತ್ತೊಯ್ದಳು. ಅಲ್ಲಿನ ಐಟಿ ವಿಭಾಗದವನು ಅದನ್ನು ತೆರೆದ, ಆಫೀಸಿನ ವೈಫೈ ಹಾಕಿದ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಸಿಕ್ಕಿತು.

"ಇದ್ರಲ್ಲೇನೂ ಪ್ರಾಬ್ಲಂ ಇಲ್ಲ ಮೇಡಂ. ನಿಮ್ಮನೇಲೇ ಏನೋ ಇದೆ ನೋಡಿ."

"ನಮ್ಮನೇಲಿ ಎಲ್ರ ಫೋನಿಗೂ ಸಿಗುತ್ತೆ."

"ಹಂಗಾದ್ರೆ ಗೊತ್ತಿಲ್ಲ ಮೇಡಂ. ನೀವು ಮನೇಲಿ ಯಾರನ್ನಾದ್ರೂ ಕೇಳಿ."

ವಾಪಸ್ಸು ಹೊತ್ತು ತಂದಳು. ಸಂಜೆ ಭುಜ ಕೆಂಪಗೆ ಬರೆ ಎದ್ದಿತ್ತು. ಸೀನ ಅದನ್ನು ನೋಡಿ ಮುಲಾಮು ಹಚ್ಚಿದ.

ಚೆನ್ನೈನ ಕರೆ ಬಂದದ್ದು ಬುಧವಾರ. ಎಲ್ಲರಿಗೂ ಮೊದಲೇ ಹೇಳಿದ್ದಳು: ಹನ್ನೊಂದರಿಂದ ಅರ್ಧ ಗಂಟೆ ಯಾರೂ ಉಸಿರೆತ್ತಬೇಡಿ. ಎಲ್ಲರೂ ತಲೆಯಾಡಿಸಿದ್ದರು. ಮಾವ ಟಿವಿ ಆರಿಸಿ ಪಹರೆಯವರಂತೆ ಬಾಗಿಲಲ್ಲಿ ಕೂತರು. ಕರೆ ಅರ್ಧಕ್ಕೆ ಬಂದಿತ್ತು. ಆ ಕಡೆಯವಳು ಒಂದು ಬಿಲ್ಲಿನ ಬಗ್ಗೆ ಪ್ರಶ್ನೆ ಕೇಳಿದಳು, ವನಜಾಕ್ಷಿ ಬಾಯಿ ತೆರೆದಳು, ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಒಂದು. ಎರಡು.

"ಮೂರು ಆದ್ಮೇಲೆ ಆರಿಸ್ಬೇಕು ಕಣೇ ವನಜಾ!" ಅತ್ತೆ ದಿವಾನದಿಂದ ಕೂಗಿದರು. ಕೂಗಿದ ಮೇಲೆ ನೆನಪಾಗಿ ಬಾಯಿಗೆ ಸೆರಗು ಹಿಡಿದರು.

"ಶ್!" ಎಂದರು ಮಾವ. ಅದು ಕುಕ್ಕರಿಗಿಂತ ಜೋರಾಗಿತ್ತು.

ಮಧ್ಯಾಹ್ನ ಶೀಬಾಳ ಫೋನು ಬಂತು. "ಮುಂದಿನ ಗುರುವಾರ ಇನ್ನೊಂದು ಕಾಲ್. ಅದೇ ಕೊನೆ. ದಯವಿಟ್ಟು ರೂಮ್ ನೋಡ್ಕೋ ವನಜಾ. ನಿನ್ನ ಸಲುವಾಗಿ ನಾನೂ ಬೈಸಿಕೊಂಡೆ."

*

ಮಂಗಳವಾರ ಸಂಜೆ ಊಟಕ್ಕೆ ಎಲ್ಲರೂ ಹಾಲ್‌ನಲ್ಲೇ ಕೂತಿದ್ದರು. ಮುದ್ದೆ, ಉಪ್ಸಾರು, ಅದರ ಖಾರ. ಅತ್ತೆ ದಿವಾನದ ಮೇಲೆ, ಮಿಕ್ಕವರು ನೆಲದ ಮೇಲೆ. ಸೀನ ಯೂನಿಟ್ಟಿನಿಂದ ಆಗಷ್ಟೇ ಬಂದಿದ್ದ. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಆಯಿಲ್ ಹೋಗಿರಲಿಲ್ಲ.

"ನಾಳೆ ಆಫೀಸಿಂದ ಒಬ್ರು ಇಂಜಿನಿಯರ್ ಬರ್ತಾರೆ ಮಾವ" ಎಂದಳು ವನಜಾಕ್ಷಿ. "ಕೈಕಾಲು ಹಿಡಿದು ಒಪ್ಪಿಸಿದ್ದೀನಿ. ಮೋಡೆಮ್ಮು, ಲ್ಯಾಪ್‌ಟಾಪು ಎರಡನ್ನೂ ನೋಡ್ತಾರಂತೆ. ನೀವು ಮನೇಲೇ ಇರ್ಬೇಕು, ಪಾಸ್‌ವರ್ಡಿಗೆ."

"ಇಂಜಿನಿಯರ್ ಯಾತಕ್ಕೆ?" ಮಾವ ಮುದ್ದೆ ಮುರಿಯುತ್ತ ಕೇಳಿದರು. "ಏನಾಗಿದೆ ಅಂತ ಗೊತ್ತಾಗಿದೆಯಲ್ಲ."

"ಏನು ಗೊತ್ತಾಗಿದೆ?"

"ಅದು ಹಳೇ ಮಷೀನು. ನಮ್ಮ ಮೋಡೆಮ್ಮಲ್ಲಿರೋದು ಹೊಸಾ ಬೀಗ. ಹಳೇದಕ್ಕೆ ಹಳೇ ಥರದ ಬೀಗ ತೆಗೆಯೋಕಷ್ಟೇ ಬರೋದು. ಮೋಡೆಮ್ಮಲ್ಲಿ ಹಳೇದೂ ನಡೀಲಿ, ಹೊಸದೂ ನಡೀಲಿ ಅಂತ ಒಂದು ಕಡೆ ಒತ್ತಿದ್ರೆ ಸಿಗುತ್ತೆ. ಅವತ್ತು ಸೀನ ಒತ್ತಿದ, ಮೇಲಿನ ರೂಮಲ್ಲೇ ಸಿಕ್ತಲ್ಲ."

ಸೀನ ಕೆಮ್ಮಿದ. ಮುದ್ದೆ ಗಂಟಲಲ್ಲಿ ನಿಂತಿರಬೇಕು. ಯಾರೂ ಅವನಿಗೆ ನೀರು ಕೊಡಲಿಲ್ಲ.

"ಯಾವತ್ತು?" ವನಜಾಕ್ಷಿ ಕೇಳಿದಳು.

"ನೀನು ನಾಮಕರಣಕ್ಕೆ ಹೋಗಿದ್ದಿಯಲ್ಲ, ಅವತ್ತು. ಆದ್ರೆ ಅದನ್ನ ಒತ್ತುವಾಗ ಅಲ್ಲೇ ಬರೆದು ಬಂತು, ಹಿಂಗೆ ಮಾಡಿದ್ರೆ ಭದ್ರತೆ ಕಮ್ಮಿ ಅಂತ. ನಾನೇ ಹೇಳ್ದೆ, ಮೊದಲಿನ ಥರಾನೇ ಮಾಡು ಅಂತ. ಒಂದು ಹಳೇ ಗಾಡಿಗೋಸ್ಕರ ಯಾರಾದ್ರೂ ಗೇಟು ಸಡಿಲ ಬಿಡ್ತಾರೇನಮ್ಮ?"

"ಅದಾಗಿ ಎರಡು ವಾರ ಆಯ್ತು ಮಾವ. ನಾನು ಅದನ್ನ ಹೂಡಿಗೆ ಹೊತ್ಕೊಂಡು ಹೋಗಿದ್ದು ಆಮೇಲೆ. ನನಗ್ಯಾಕೆ ಹೇಳ್ಲಿಲ್ಲ?"

ರಾಮಾಂಜಿನಪ್ಪನವರು ನಿಜವಾಗಿಯೂ ಆಶ್ಚರ್ಯಪಟ್ಟು ಅವಳನ್ನು ನೋಡಿದರು. ಅವರ ಮುಖದಲ್ಲಿ ಕಪಟವಿರಲಿಲ್ಲ; ಅದೇ ಅವಳಿಗೆ ಹೆಚ್ಚು ಉರಿದದ್ದು.

"ನೀನು ಕೇಳ್ಲಿಲ್ವಲ್ಲಮ್ಮ. ಪಾಸ್‌ವರ್ಡ್ ಹಾಕಿ ಅಂದೆ, ಹಾಕ್ದೆ. ಸೀನ ಹೇಳಿರ್ತಾನೆ ಅಂದ್ಕೊಂಡೆ."

ವನಜಾಕ್ಷಿ ಅತ್ತೆಯ ಕಡೆ ತಿರುಗಿದಳು. ಅತ್ತೆ ತಟ್ಟೆಯಲ್ಲಿ ಖಾರ ಹುಡುಕುತ್ತಿದ್ದರು.

"ನಿಮಗೂ ಗೊತ್ತಿತ್ತಾ ಅತ್ತೆ?"

"ನಂಗೇನ್ ಗೊತ್ತಾಗುತ್ತೆ ಬೀಗ ಬಾಗ್ಲು ಎಲ್ಲ? ನಾನು ಅಂದಿದ್ದಿಷ್ಟೇ, ಅವಳು ಮೇಲೆ ಹೋಗಿ ಬಾಗ್ಲು ಹಾಕ್ಕೊಂಡ್ರೆ ಒಂದು ಲೋಟ ನೀರಿಗೂ ನಾನು ಗಂಟಲು ಹರ್ಕೋಬೇಕಾಗುತ್ತೆ, ಕೆಳಗಿದ್ರೇ ಚೆಂದ ಅಂತ. ತಪ್ಪಾ? ಕಾಲಿಲ್ಲದೋಳು ನಾನು."

"ಅಜ್ಜಿಗೆ ಕಾಲಿದೆಯಲ್ಲ" ಎಂದಳು ಅಮೂಲ್ಯಾ.

"ನೀನು ಸುಮ್ನೆ ಉಣ್ಣು."

ವನಜಾಕ್ಷಿ ತಟ್ಟೆಗೇ ಕೈ ತೊಳೆದು ಎದ್ದಳು. ಅವಳ ತವರಿನಲ್ಲಿ ಹಾಗೆ ಮಾಡುವುದು ಅನ್ನಕ್ಕೆ ಅವಮಾನ. ಆವರೆಗೆ ಅವಳು ಯಾವತ್ತೂ ಮಾಡಿರಲಿಲ್ಲ.

ಸೀನ ಹಿಂದೆಯೇ ಮೆಟ್ಟಿಲು ಹತ್ತಿ ಬಂದ.

"ಹೇಳ್ಬೇಕು ಅಂತಿದ್ದೆ ಕಣೇ."

"ಯಾವಾಗ? ಮುಲಾಮು ಹಚ್ಚುವಾಗ್ಲಾ?"

"ಅಪ್ಪ ಒಪ್ಪಲ್ಲ ಅಂದ್ಮೇಲೆ ಹೇಳಿ ಏನು ಪ್ರಯೋಜನ? ಹೇಳಿದ್ರೆ ನೀನು ಅಪ್ಪನ್ನ ಕೇಳ್ತೀಯ, ಅಪ್ಪ ಬೇಡ ಅಂತಾರೆ, ಅಮ್ಮ ಅಳ್ತಾರೆ. ಹೆಂಗೂ ಕೆಳಗೆ ವೈರಲ್ಲಿ ನಡೀತಿತ್ತಲ್ಲ."

"ನಡೀತಿತ್ತಾ? ಕುಕ್ಕರ್ ಕೂಗಿದ್ದು ಚೆನ್ನೈಗೆ ಕೇಳಿಸ್ತು ಕಣ್ರೀ! ಗುರುವಾರ ಇನ್ನೊಂದ್ಸಲ ಹಂಗಾದ್ರೆ ಕೆಲಸ ಹೋಗುತ್ತೆ. ಆಮೇಲೆ ಈ ಕೋಣೆ ಕಂತು ನಿಮ್ಮಪ್ಪನ ಗೇಟು ಕಟ್ಟುತ್ತಾ?"

"ದನಿ ತಗ್ಗಿಸು. ಕೆಳಗೆ ಕೇಳುತ್ತೆ."

"ಕೇಳ್ಲಿ. ಈ ಮನೇಲಿ ಎಲ್ರಿಗೂ ಎಲ್ಲಾ ಕೇಳುತ್ತೆ, ನನಗೊಬ್ಬಳಿಗೆ ಕೇಳಿಸಲ್ಲ ಅಷ್ಟೇ."

ಅವನು ಮಂಚದ ಅಂಚಿನಲ್ಲಿ ಕೂತು ಉಗುರಿನ ಕಪ್ಪನ್ನು ಕೆರೆದ. ದಣಿದವನ ದನಿಯಲ್ಲಿ ಹೇಳಿದ: "ನಿಜ ಹೇಳ್ಲಾ? ಎಂಟು ವರ್ಷದಲ್ಲಿ ಮೊದಲನೇ ಸಲ, ನಾನು ಕೆಲಸದಿಂದ ಬಂದಾಗ ನೀನು ಬಾಗ್ಲಲ್ಲೇ ಕಾಣ್ತಿದ್ದೆ. ಬಿಸಿ ಕಾಫಿ, ಮಗು ಹೋಮ್‌ವರ್ಕು, ಅಮ್ಮ ನಗ್ತಾ ಇರೋದು. ಮನೆ ಮನೆ ಥರ ಇತ್ತು ಕಣೇ. ಅದಕ್ಕೇ ನಾಳೆ ಹೇಳೋಣ, ನಾಳೆ ಹೇಳೋಣ ಅಂತ..."

ಬೈದಿದ್ದರೆ ಅವಳು ತಿರುಗಿ ಬೈಯಬಹುದಿತ್ತು.

*

ಇಂಜಿನಿಯರ್ ಬರುವುದು ಬೇಡವೆಂದು ಅವಳೇ ಫೋನ್ ಮಾಡಿ ಹೇಳಿದಳು. ಬುಧವಾರವಿಡೀ ಹಾಲ್‌ನಲ್ಲಿ ಕೂತು ಕೆಲಸ ಮಾಡಿದಳು. ಹಾಲಿಗೂ ಎದ್ದಳು, ಬೀನ್ಸಿನ ನಾರೂ ತೆಗೆದಳು. ಮಾತು ಮಾತ್ರ ಇರಲಿಲ್ಲ. ರಾಮಾಂಜಿನಪ್ಪನವರು ಎರಡು ಸಲ ಟಿವಿ ಸ್ಟ್ಯಾಂಡಿನ ಹತ್ತಿರ ಬಂದು, ಮೋಡೆಮ್ಮಿನ ಧೂಳು ಒರೆಸಿ ಹೋದರು.

ಗುರುವಾರ ಬೆಳಕು ಹರಿಯುವಷ್ಟರಲ್ಲಿ ಅವಳು ಸ್ನಾನ ಮಾಡಿ, ಆಫೀಸಿನ ಚೂಡಿದಾರ್ ಹಾಕಿ, ಲ್ಯಾಪ್‌ಟಾಪ್ ಬ್ಯಾಗು ಹೆಗಲಿಗೇರಿಸಿ ನಿಂತಿದ್ದಳು.

"ಎಲ್ಲಿಗೆ?" ಅತ್ತೆ ದಿವಾನದಿಂದ ತಲೆ ಎತ್ತಿದರು.

"ಹೂಡಿಗೆ."

"ನನ್ನ ಬಚ್ಚಲಿಗೆ ಯಾರು?"

"ಅಂಜಿನಮ್ಮ ಬರೋ ತನಕ ಮಾವ ಇದ್ದಾರೆ. ಮಾತ್ರೆ ಡಬ್ಬಿ ಟಿವಿ ಸ್ಟ್ಯಾಂಡ್ ಮೇಲೆ ಇಟ್ಟಿದ್ದೀನಿ."

"ಅವರು ಹಿಡ್ಕೊಂಡ್ರೆ ನಾನು ಬೀಳ್ತೀನಿ. ಅವರು ಹಿಡಿಯೋದು ಕಳ್ಳನ್ನ ಹಿಡಿದಂಗೆ!"

ವನಜಾಕ್ಷಿಗೆ ನಗು ಬಂತು. ನಕ್ಕರೆ ನಿಂತುಬಿಡುತ್ತೇನೆಂದು ಚಪ್ಪಲಿ ಮೆಟ್ಟಿ ಹೊರಟುಬಿಟ್ಟಳು.

ಹೆಬ್ಬಾಳದ ಬಸ್ಸಿನಲ್ಲಿ ಕಂಬ ಹಿಡಿದು ನಿಂತಿದ್ದಾಗ ಸೀನನ ಫೋನು ಬಂತು.

"ಇಳ್ಕೊಂಡು ವಾಪಸ್ ಬಾ ವನಜಾ. ಅಪ್ಪ ಒತ್ತಿದ್ರು."

"ಏನು?"

"ಅದೇ, ಹಳೇದೂ ನಡೀಲಿ ಅನ್ನೋದು. ನನ್ನ ಕೈಲಿ ಅಲ್ಲ, ಅವರೇ ಒತ್ತಿದ್ರು. ನೀನು ಹೋಗಿದ್ದು ನೋಡಿ ಎದ್ದು ಒತ್ತಿದ್ರು. ಬಾ, ಮೇಲಿನ ರೂಮಲ್ಲಿ ಆರಾಮಾಗಿ ಕೂತು ಮಾತಾಡು. ಯಾರೂ ಕೂಗಲ್ಲ."

ಬಸ್ಸು ಫ್ಲೈಓವರ್ ಮೇಲೆ ನಿಂತಿತ್ತು. ಮುಂದೂ ಬಸ್ಸು, ಹಿಂದೂ ಬಸ್ಸು, ಕೆಳಗೆ ಕೆರೆ.

"ಇಲ್ಲಿಂದ ಹಾರ್ಲಾ?" ಎಂದಳು. "ಈಗ ಇಳಿದ್ರೆ ಅಲ್ಲೂ ಇಲ್ಲ ಇಲ್ಲೂ ಇಲ್ಲ ಆಗುತ್ತೆ. ಇಡ್ರೀ."

ಹೂಡಿಯಲ್ಲಿ ಶೀಬಾ ಅವಳನ್ನು ಗಾಜಿನ ಕೋಣೆಯೊಂದರೊಳಗೆ ಬಿಟ್ಟು ಬಾಗಿಲೆಳೆದಳು. ಅಷ್ಟೊಂದು ಮೌನ ಕೇಳಿ ಎಷ್ಟೋ ವಾರವಾಗಿತ್ತು. ವನಜಾಕ್ಷಿಗೆ ಮೊದಲು ತನ್ನ ಉಸಿರೇ ಗಲಾಟೆ ಅನ್ನಿಸಿತು. ಚೆನ್ನೈನವಳು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ತಾನಾಗಿ ಬಂತು. ಒಂದು ಬಿಲ್ಲಿನಲ್ಲಿ ಆ ಕಡೆಯವರ ತಪ್ಪನ್ನೇ ಅವಳು ತೋರಿಸಿದಾಗ, ಚೆನ್ನೈನವಳು ನಕ್ಕು ಒಪ್ಪಿಕೊಂಡಳು. ಕರೆ ಮುಗಿದ ಮೇಲೂ ವನಜಾಕ್ಷಿ ಎದ್ದು ಬರಲಿಲ್ಲ. ಗಾಜಿನಾಚೆ ಜನ ಓಡಾಡುತ್ತಿದ್ದರು. ಯಾರೊಬ್ಬರೂ ಅವಳ ಹೆಸರು ಕೂಗಲಿಲ್ಲ.

ಕ್ಯಾಂಟೀನಿನಲ್ಲಿ ಒಬ್ಬಳೇ ಕೂತು ಮೊಸರನ್ನ ತಿಂದಳು. ಮೊದಲಿಂದ ಕೊನೆಯ ತುತ್ತಿನವರೆಗೆ, ನಡುವೆ ಏಳದೆ.

ಸಂಜೆ ಹೊರಡುವಾಗ ಶೀಬಾ ಮೇಜಿನ ಹತ್ತಿರ ಬಂದಳು. "ಪಾಸ್! ಸಕ್ಕತ್ ರಿಪೋರ್ಟ್ ಕೊಟ್ಟಿದ್ದಾರೆ. ಒಂದು ಗುಡ್ ನ್ಯೂಸ್ ಹೇಳ್ಲಾ? ಮನೇಲಿ ವೈಫೈ ಸರಿ ಆಯ್ತು ಅಂತ ನಿನ್ನ ಹಸ್ಬೆಂಡ್ ನನಗೂ ಮೆಸೇಜ್ ಮಾಡಿದ್ದಾರೆ. ಹಂಗಾದ್ರೆ ಇನ್ನೊಂದು ವರ್ಷ ಮನೆಯಿಂದಾನೇ ಮಾಡು, ನಾನು ಸೈನ್ ಹಾಕಿಸ್ತೀನಿ. ಕೆ.ಆರ್.ಪುರಂ ಟ್ರಾಫಿಕ್ ತಪ್ತು ನೋಡು. ಲಕ್ಕಿ ನೀನು!"

"ವೈಫೈ ಸರಿ ಆಗಿದ್ರೆ ತಾನೇ?" ಎಂದಳು ವನಜಾಕ್ಷಿ. ಆ ಮಾತು ಎಲ್ಲಿಂದ ಬಂತೆಂದು ಅವಳಿಗೇ ತಿಳಿಯಲಿಲ್ಲ.

"ಆಗಿಲ್ಲ ಅಂದ್ರೆ ದಿನಾ ಬರ್ಬೇಕಾಗುತ್ತೆ, ಅಷ್ಟೇ. ನಾಳೆ ಬೆಳಿಗ್ಗೆ ಹೇಳು."

*

ಮನೆಗೆ ಬಂದಾಗ ಹೊಸಿಲಲ್ಲೇ ಸೀದ ವಾಸನೆ ಬಂತು. ರಾಮಾಂಜಿನಪ್ಪನವರು ಅನ್ನ ಮಾಡಿದ್ದರು, ತಳ ಹೊತ್ತಿತ್ತು. ಅಮೂಲ್ಯಾ ಬಿಸ್ಕತ್ತು ತಿಂದು ಹೊಟ್ಟೆ ತುಂಬಿಸಿಕೊಂಡಿದ್ದಳು. ಆದರೆ ಯಾರೂ ಸಿಡುಕಲಿಲ್ಲ. ಅತ್ತೆ ಹಣೆಗೆ ಕುಂಕುಮ ಇಟ್ಟುಕೊಂಡು ಹಬ್ಬದವರಂತೆ ಕೂತಿದ್ದರು.

"ಗೆದ್ದಾ? ಸೀನ ಹೇಳ್ದ. ಒಂದು ವರ್ಷ ಮನೇಲೇ ಅಂತೆ!" ಎಂದರು. "ಆ ಮೇಡಮ್ಮು ವಾಪಸ್ ಮೆಸೇಜ್ ಮಾಡಿದ್ರಂತೆ. ನಾನು ಅಂಜಿನಮ್ಮಂಗೆ ಹೇಳ್ಬಿಟ್ಟೆ, ಒಂದನೇ ತಾರೀಖಿಂದ ಬೇಡಮ್ಮ ಅಂತ. ಮನೆ ಸೊಸೆ ಮನೇಲಿರುವಾಗ ಕೆಲಸದೋಳು ಯಾತಕ್ಕೆ? ಅಮೂಲ್ಯನ್ನ ನೀನೇ ಕರ್ಕೊಂಡು ಬರ್ಬಹುದು, ಮಧ್ಯಾಹ್ನ ಒಂದು ಗಳಿಗೆ ಎದ್ರೆ ಆಯ್ತು."

"ಒಂದು ಮಾತು ಕೇಳ್ಬಾರ್ದಿತ್ತಾ ಅತ್ತೆ?"

"ಕೇಳೋದೇನಿದೆ? ನಿನ್ನ ಒಳ್ಳೇದಕ್ಕೇ ತಾನೇ?"

ಮಾವ ಟಿವಿ ಸ್ಟ್ಯಾಂಡಿನ ಹತ್ತಿರ ನಿಂತಿದ್ದರು. ಇಸ್ತ್ರಿ ಮಾಡಿದ ಷರಟು ಹಾಕಿಕೊಂಡಿದ್ದರು, ಡ್ಯೂಟಿಗೆ ಹೊರಟವರ ಹಾಗೆ.

"ಬಿಟ್ಟಿದ್ದೀನಮ್ಮ" ಎಂದರು. "ನನ್ನ ಸರ್ವೀಸಲ್ಲೇ ಮೊದಲನೇ ಸಲ. ಮೇಲೆ ಹೋಗಿ ನೋಡು, ಪಾಸ್‌ವರ್ಡೂ ಒಂದು ಚೀಟೀಲಿ ಬರೆದು ನಿನ್ನ ಮೇಜಿನ ಮೇಲೆ ಇಟ್ಟಿದ್ದೀನಿ. ಗೋಡೆ ನೋಡೋದು ಬೇಡ ಇನ್ನು."

ವನಜಾಕ್ಷಿ ಬ್ಯಾಗು ಹೊತ್ತೇ ಮೆಟ್ಟಿಲು ಹತ್ತಿದಳು, ಅಮೂಲ್ಯಾ ಹಿಂದೆಯೇ ಬಂದಳು. ಕಿಟಕಿಯ ಪಕ್ಕದ ಮೇಜನ್ನು ಯಾರೋ ಒರೆಸಿದ್ದರು. ಕುರ್ಚಿಗೆ ದಿಂಬು ಹಾಕಿದ್ದರು. ಅತ್ತೆ ಕೆಳಗಿನಿಂದ ಒತ್ತಿದರೆ ಕೇಳಿಸಲೆಂದು ಬಾಗಿಲ ಚಿಲಕದ ಪಕ್ಕ ಒಂದು ಕಾಲಿಂಗ್ ಬೆಲ್ಲೂ ಬಂದಿತ್ತು; ಅದರ ವೈರು ಗೋಡೆ ಕೊರೆದು ಕೆಳಕ್ಕೆ ಇಳಿದಿತ್ತು.

ಅವಳು ಆ ತೂತನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಲ್ಯಾಪ್‌ಟಾಪ್ ತೆರೆದು, ಚೀಟಿ ನೋಡಿ ಅಕ್ಷರಗಳನ್ನು ಒತ್ತಿದಳು. ಹಳದಿ ಚುಕ್ಕಿ ಒಂದು ಸುತ್ತು ಓಡಾಡಿ ನಿಂತಿತು. ಹಸಿರು ಗೆರೆಗಳು ಒಂದರ ಪಕ್ಕ ಒಂದು ಎದ್ದು ನಿಂತವು. ಆಫೀಸಿನ ಪುಟ ತೆರೆದುಕೊಂಡಿತು. ಎಲ್ಲ ಇತ್ತು: ಮೇಜು, ಬಾಗಿಲು, ಸಿಗ್ನಲ್, ಬೆಲ್ಲು. ಇನ್ನೊಂದು ವರ್ಷ.

"ಸಿಕ್ತೇನಮ್ಮಾ?" ಕೆಳಗಿನಿಂದ ಮಾವ ಕೂಗಿದರು.

ವನಜಾಕ್ಷಿ ಹಸಿರು ಗೆರೆಗಳನ್ನು ನೋಡುತ್ತ ಹೇಳಿದಳು: "ಇಲ್ಲ ಮಾವ. ಸಿಗ್ತಿಲ್ಲ."

ಅಮೂಲ್ಯಾ ಪರದೆಯ ಕಡೆ ನೋಡಿದಳು. ಆಮೇಲೆ ಅಮ್ಮನ ಮುಖ ನೋಡಿದಳು.

"ಇನ್ನೊಂದ್ಸಲ ಹಾಕಿ ನೋಡು!"

"ನಾಲ್ಕು ಸಲ ಹಾಕ್ದೆ ಮಾವ. ಹಳೇ ಮಷೀನು. ಅವತ್ತು ಸಿಕ್ಕಿರ್ಬಹುದು, ಈಗ ಇದಕ್ಕೆ ಆಗಲ್ಲ ಅನ್ಸುತ್ತೆ."

ಕೆಳಗಿನಿಂದ ಅತ್ತೆಯ ದನಿ ಕೇಳಿತು: "ಹಂಗಾದ್ರೆ ನಾಳೆಯಿಂದ ಮತ್ತೆ ಹೂಡಿನಾ? ಲೋ ಸೀನ, ಅಂಜಿನಮ್ಮಂಗೆ ಫೋನ್ ಮಾಡೋ, ಬೇರೆ ಮನೆ ಹಿಡಿದುಬಿಟ್ಟಾಳು!"

"ನಾನು ಅವತ್ತೇ ಅಂದೆ, ಅದು ಹಳೇ ಗಾಡಿ ಅಂತ" ಎಂದರು ಮಾವ. ದನಿಯಲ್ಲಿ ಬೇಸರಕ್ಕಿಂತ ನೆಮ್ಮದಿಯೇ ಹೆಚ್ಚಿತ್ತು. "ಸಿಗದೇ ಇದ್ದ ಮೇಲೆ ಸುಮ್ನೆ ಯಾತಕ್ಕೆ ತೆರೆದಿಡೋದು? ವಾಪಸ್ ಮೊದಲಿನ ಥರಾನೇ ಮಾಡ್ಬಿಡ್ಲೇನಮ್ಮಾ?"

"ಮಾಡ್ಬಿಡಿ ಮಾವ."

ಅವರು ನಿಧಾನದ ಮನುಷ್ಯ. ಕನ್ನಡಕ ಹುಡುಕಿ, ಹಾಕಿಕೊಂಡು, ಒಂದೊಂದೇ ಅಕ್ಷರ ಒತ್ತುವಷ್ಟು ಹೊತ್ತು ಹಸಿರು ಗೆರೆಗಳು ಹಾಗೇ ನಿಂತಿದ್ದವು. ಬೇಡ ಅನ್ನಲು ಅಷ್ಟು ಹೊತ್ತು ಧಾರಾಳವಾಗಿ ಸಾಕಿತ್ತು. ಆಮೇಲೆ ಅವು ಮಾಯವಾಗಿ ಕೆಂಪು ಗುರುತು ಬಂತು.

"ಹೋಯ್ತು" ಎಂದಳು ಅಮೂಲ್ಯಾ, ಮೆಲ್ಲಗೆ.

"ಹೂಂ ಪುಟ್ಟಿ. ಹೋಯ್ತು."

ಬೆಳಿಗ್ಗೆ ಹೊರಡುವ ಮುಂಚೆ ಮಧ್ಯಾಹ್ನದ ಸಾರೂ ಆಗಬೇಕಿತ್ತು. ವನಜಾಕ್ಷಿ ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗಿಟ್ಟು, ಹುರುಳಿಕಾಳು ನೆನೆಹಾಕಲು ಕೆಳಗಿಳಿದಳು.